ದೊಡ್ಡ ಅಕ್ಷರದ ಮಾಸ್ತರು

ಸರ್ ತೀರಿಕೊಂಡ ಸುದ್ದಿ ನಮ್ಮ ಶಿಕ್ಷಕರ ಮೊಬೈಲ್ ಗುಂಪಿಗೆ ಬಂದದ್ದು ಒಂದು ಮಂಗಳವಾರ, ಎರಡನೆಯ ಪೀರಿಯಡ್ಡು ಮುಗಿಯುವ ಹೊತ್ತಿಗೆ. ಯಾರೋ ಅವರ ಹಳೆಯ ಫೋಟೊ ಹಾಕಿದ್ದರು. ಅದರ ಕೆಳಗೆ ಒಬ್ಬರಾದ ಮೇಲೊಬ್ಬರು ಕೈಮುಗಿದ ಚಿತ್ರ ಕಳಿಸುತ್ತಿದ್ದರು. ನಾನೂ ಕಳಿಸಿದೆ. ಆಮೇಲೆ ನಾಲ್ಕನೆಯ ತರಗತಿಗೆ ಹೋಗಿ ಭಿನ್ನರಾಶಿ ಕಲಿಸಿದೆ. ಒಂದು ರೊಟ್ಟಿಯನ್ನು ನಾಲ್ಕು ಜನ ಹಂಚಿಕೊಂಡರೆ ಒಬ್ಬರಿಗೆ ಎಷ್ಟು ಬಂತು ಎಂದು ಕೇಳಿದೆ. ಮಕ್ಕಳು ಸರಿಯಾಗಿಯೇ ಹೇಳಿದರು. ಮಧ್ಯಾಹ್ನ ಡಬ್ಬಿ ಬಿಚ್ಚಿ ಉಂಡೆ. ಅಳು ಬರಬಹುದೆಂದು ಸಂಜೆಯವರೆಗೂ ಕಾದೆ. ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ.

ಪರ್ವರಿಯ ಆ ಕನ್ನಡ ಶಾಲೆಗೆ ನಾನು ತಾತ್ಕಾಲಿಕ ಶಿಕ್ಷಕಿಯಾಗಿ ಸೇರಿದಾಗ ನನಗೆ ಇಪ್ಪತ್ತನಾಲ್ಕು. ಸರ್‌ಗೆ ಐವತ್ತಾರು. ಅವರು ಗದಗದ ಕಡೆಯವರು. ಮದುವೆಗೆ ಮೊದಲೇ ಗೋವಾಕ್ಕೆ ಬಂದು ಅದೇ ಶಾಲೆಯಲ್ಲಿ ನೆಲೆಯಾದವರು. ನನ್ನ ಮನೆ ವಾಳಪೈ. ಅಬ್ಬಾ ಅಲ್ಲಿ ಟೆಂಪೊ ಓಡಿಸುತ್ತಾರೆ. ವಾರವೆಲ್ಲ ಪರ್ವರಿಯಲ್ಲಿ ಇನ್ನೊಬ್ಬ ಟೀಚರ್ ಜೊತೆ ಒಂದು ಕೋಣೆಯಲ್ಲಿದ್ದು, ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಪಣಜಿಯಿಂದ ಬಸ್ಸು ಹಿಡಿದು ಊರಿಗೆ ಹೋಗುತ್ತಿದ್ದೆ.

ಸರ್ ನನ್ನನ್ನು ಮಕ್ಕಳ ಎದುರಿಗೆ, ಅವರ ಕಡೆ ಟೀಚರನ್ನು ಕರೆಯುವಂತೆ, 'ಅಕ್ಕಾರ' ಎನ್ನುತ್ತಿದ್ದರು. ಮಕ್ಕಳಿಲ್ಲದಾಗ 'ತಂಗಿ'. ಈ ಎರಡೂ ಎಂದೂ ಅದಲು ಬದಲಾಗಲಿಲ್ಲ. ಮಾತಿನ ನಡುವೆ ಒಂದು ಮಗು ಬಾಗಿಲಿಗೆ ಬಂತೆಂದರೆ 'ತಂಗಿ' ಎಂದು ಶುರುವಾದ ವಾಕ್ಯ 'ನೋಡ್ರಿ ಅಕ್ಕಾರ' ಎಂದು ಮುಗಿಯುತ್ತಿತ್ತು. ಸೀಮೆಸುಣ್ಣವನ್ನು ಅವರು ಒಂದು ಸ್ಟೀಲ್ ಡಬ್ಬಿಯಲ್ಲಿ, ಕೆಳಗೆ ಒಂದು ಹಿಡಿ ಅಕ್ಕಿ ಹಾಕಿ ಇಡುತ್ತಿದ್ದರು. ಗೋವಾದ ಮಳೆಗಾಲದಲ್ಲಿ ಸೀಮೆಸುಣ್ಣ ತೇವ ಹಿಡಿದು ಹಲಗೆಯ ಮೇಲೆ ಬರೆಯುವುದೇ ಇಲ್ಲ. ಅವರ ಸೀಮೆಸುಣ್ಣ ಮಾತ್ರ ಜುಲೈ ತಿಂಗಳಲ್ಲೂ ಕಿರ್ ಎನ್ನುತ್ತಿತ್ತು. ಮೀನು ಮುಟ್ಟದ ಮನುಷ್ಯ, ಆದರೆ ಕೊಂಕಣಿಯನ್ನು ಮೀನು ಮಾರುವ ಹೆಂಗಸರಿಂದಲೇ ಕಲಿತಿದ್ದರು. ಸಿಟ್ಟು ಬಂದಾಗ ಅವರ ಬಾಯಿಂದ ಬರುತ್ತಿದ್ದದ್ದು ಆ ಸಂತೆಯ ಕೊಂಕಣಿ. ಮಕ್ಕಳಿಗೆ ಅದು ಬಹಳ ಇಷ್ಟ.

ಇನ್ನೊಂದು ರೂಢಿ ಅವರಿಗಿತ್ತು. ಯಾವ ಮಗು ಮೇಜಿನ ಹತ್ತಿರ ಬಂದರೂ "ಯಾರದು? ಹೆಸರ ಹೇಳಿ ಬಾ" ಎನ್ನುತ್ತಿದ್ದರು. ವರ್ಷಗಟ್ಟಲೆ ಕಲಿಸಿದ ಮಕ್ಕಳಿಗೂ ಅದೇ ಪ್ರಶ್ನೆ. ಮಕ್ಕಳು ಅದೊಂದು ಆಟವೆಂದು ತಿಳಿದು ಹೆಸರನ್ನು ಕೂಗಿ ಹೇಳುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ನಾನು ಸೇರಿದ ವರ್ಷ ಯಾವುದೋ ಕಂಪನಿಯವರು ಶಾಲೆಗೆ ಒಂದು ಸ್ಮಾರ್ಟ್ ಬೋರ್ಡ್ ಕೊಟ್ಟುಹೋಗಿದ್ದರು. ಗೋಡೆಯ ಅರ್ಧದಷ್ಟು ಅಗಲದ ಪರದೆ. ಮುಟ್ಟಿದರೆ ಕೆಲಸ ಮಾಡುವಂಥದ್ದು. ಹಾಳಾದೀತು ಎಂಬ ಭಯಕ್ಕೆ ನಮ್ಮ ಮುಖ್ಯೋಪಾಧ್ಯಾಯಿನಿ ಹೆಡ್ ಬಾಯಿ ಅದರ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿ ಇಟ್ಟಿದ್ದರು. ಐದಾರು ತಿಂಗಳು ಅದು ಹಾಗೇ ಇತ್ತು. ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಸರ್ ನನ್ನನ್ನು ಕರೆದು, "ತಂಗಿ, ಅದನ್ನ ಚಾಲೂ ಮಾಡೂಣೇನ? ನಿನಗ ಬರತೈತಿ ಹೌದಲ್ಲ?" ಎಂದರು.

ಉಳಿದ ಶಿಕ್ಷಕರು ನಕ್ಕರು. ನಿವೃತ್ತಿಗೆ ನಾಲ್ಕು ವರ್ಷ ಉಳಿದವರಿಗೆ ಇದೇಕೆ ಬೇಕು ಎಂದರು. ಸರ್ ಕಲಿಯುವುದನ್ನು ಬಿಡಲಿಲ್ಲ. ಎರಡು ತಿಂಗಳು ಪ್ರತಿದಿನ ಶಾಲೆ ಬಿಟ್ಟ ಮೇಲೆ ಒಂದು ತಾಸು ನಾನು ಹೇಳಿಕೊಟ್ಟೆ. ಅಷ್ಟು ವಿಚಿತ್ರವಾಗಿ ಕಲಿತವರನ್ನು ನಾನು ನೋಡಿಲ್ಲ. ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ. ನಾನು ಒಮ್ಮೆ ಮಾಡಿ ತೋರಿಸಿದರೆ, "ನೀ ಸರಿ ಈಗ" ಎಂದು ನನ್ನನ್ನು ಪಕ್ಕಕ್ಕೆ ಕಳಿಸಿ, ಪರದೆಯ ಅಂಚಿನಿಂದ ಗೇಣು ಹಾಕಿ ಅಳೆಯುತ್ತಿದ್ದರು. "ಎಡಗಡೆಯಿಂದ ಒಂದು ಗೇಣು, ಕೆಳಗ ನಾಕ ಬಟ್ಟು, ಅಲ್ಲಿ ಒತ್ತೂದು. ಹೌದಿಲ್ಲೋ?" ಹೌದು ಎಂದರೆ ಇನ್ನೊಮ್ಮೆ. ಮರುದಿನ ಅದೇ ಜಾಗಕ್ಕೆ ಅವರ ಬೆರಳು ನೇರವಾಗಿ ಹೋಗುತ್ತಿತ್ತು. ಹಳೆಯ ಕಾಲದ ಮಾಸ್ತರು, ಹೊಸ ಯಂತ್ರವನ್ನೂ ಗೇಣಿನಲ್ಲಿ ಅಳೆಯುತ್ತಾರೆ ಎಂದು ನಾನು ವಾಳಪೈಯಲ್ಲಿ ಅಮ್ಮೀಗೆ ಹೇಳಿ ನಕ್ಕಿದ್ದೆ.

ಅವರು ಮೇಲಿಂದ ಮೇಲೆ ಕೇಳುತ್ತಿದ್ದದ್ದು ಒಂದೇ. "ಅಕ್ಷರ ದೊಡ್ಡೂ ಮಾಡ." ಮಾಡಿದರೆ, "ಇನ್ನೂ ದೊಡ್ಡೂ." ಕೊನೆಗೆ ಮೂರನೆಯ ತರಗತಿಯ ಪಾಠದ ನಾಲ್ಕೇ ಪದಗಳು ಇಡೀ ಪರದೆಯನ್ನು ತುಂಬಿಕೊಳ್ಳುತ್ತಿದ್ದವು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಸರ್, ಹೈವೇ ಮ್ಯಾಲಿನ ಬಸ್ಸಿನಾಗ ಕುಂತವರೂ ಓದತಾರ್ರಿ ಇದನ್ನ" ಎಂದ. ಸರ್, "ಓದಲಿ ಬಿಡೋ, ಅವರಿಗೂ ಒಂದಿಷ್ಟ ಬರಲಿ" ಎಂದರು.

ಆಮೇಲೆ ಅವರೇ ಒಂದು ಹೊಸ ಪದ್ಧತಿ ಮಾಡಿದರು. ಮಕ್ಕಳ ನೋಟ್‌ಬುಕ್ಕುಗಳನ್ನು ಮನೆಗೆ ಒಯ್ಯುವುದನ್ನು ನಿಲ್ಲಿಸಿದರು. ತಮ್ಮ ಮೊಬೈಲನ್ನು ಮಕ್ಕಳ ಕೈಗೆ ಕೊಟ್ಟು, ಬರೆದ ಪುಟದ ಫೋಟೊ ತೆಗೆಸಿ, ಅದನ್ನು ಬೋರ್ಡಿನ ಮೇಲೆ ಹಾಕಿ, ಇಡೀ ತರಗತಿಯೇ ತಿದ್ದುವಂತೆ ಮಾಡಿದರು. ಒತ್ತಕ್ಷರ ಬಿಟ್ಟವರು ಯಾರು, ದೀರ್ಘ ಮರೆತವರು ಯಾರು ಎಂದು ಮಕ್ಕಳೇ ಹೇಳುತ್ತಿದ್ದರು. ತಮ್ಮ ಅಕ್ಷರ ಗೋಡೆಯಷ್ಟಾಗಿ ಎಲ್ಲರಿಗೂ ಕಾಣುತ್ತದೆಂದು ತಿಳಿದ ಮೇಲೆ ಮಕ್ಕಳು ಉಸಿರು ಬಿಗಿಹಿಡಿದು ಬರೆಯತೊಡಗಿದರು. ನಾಲ್ಕನೆಯ ತರಗತಿಯ ರೇಣುಕಾಳ ಅಕ್ಷರ ಎಲ್ಲರಿಗಿಂತ ಚೆಂದ. ಒಂದು ದಿನ ಅವಳ ತಾಯಿ ಡಬ್ಬಿ ಕೊಡಲು ಬಂದರು. ಬಾಗಲಕೋಟೆ ಕಡೆಯವರು, ಹತ್ತಿರ ಕಟ್ಟುತ್ತಿದ್ದ ಕಟ್ಟಡದಲ್ಲಿ ಕೂಲಿ ಮಾಡುತ್ತಿದ್ದರು. ತಲೆಹೊರೆಯ ಸಿಂಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು.

"ಸರ್, ಅದು ನನ್ನ ಮಗಳ ಬರದದ್ದೇನ್ರಿ?"

"ಹೌದವಾ. ಅಕೀದ."

"ನನಗ ಓದಾಕ ಬರೂದಿಲ್ರಿ. ಸಾಲಾಗಿ ಅದಾವಲ್ರಿ, ಅಷ್ಟ ಸಾಕು."

ಬೇರೆ ಶಾಲೆಯವರು ಬಂದು ನೋಡಿಹೋದರು. ಶಿಕ್ಷಣ ಇಲಾಖೆಯವರು ಇವರನ್ನು ಉಳಿದ ಶಿಕ್ಷಕರಿಗೆ ತರಬೇತಿ ಕೊಡಲು ಕಳಿಸಿ ಎಂದರು. ಸರ್ ಒಪ್ಪಲಿಲ್ಲ. ನಮ್ಮ ಬೋರ್ಡ್ ಬಿಟ್ಟು ಬೇರೆ ಬೋರ್ಡ್ ನನಗೆ ಗೊತ್ತಿಲ್ಲ ಎಂದರು. ಎಲ್ಲರೂ ಅದನ್ನು ವಿನಯವೆಂದುಕೊಂಡರು.

ನನಗೆ ತಿಳಿದದ್ದು ಜೂನ್ ತಿಂಗಳ ಒಂದು ಮಧ್ಯಾಹ್ನ. ಮಳೆಗೆ ಕರೆಂಟು ಹೋಗಿತ್ತು. ಬೋರ್ಡ್ ಕಪ್ಪಾಗಿ ನಿಂತಿತ್ತು. ಮಕ್ಕಳು ಊಟಕ್ಕೆ ಹೋಗಿದ್ದರು. ಹೆಡ್ ಬಾಯಿ ಕೊಟ್ಟ ಒಂದು ಚೀಟಿ ತಂದು ಅವರ ಕೈಗಿಟ್ಟೆ. ಅವರು ಅದನ್ನು ಹಿಡಿದುಕೊಂಡರು, ತಿರುಗಿಸಿದರು, ಮತ್ತೆ ನನ್ನ ಕೈಗೇ ಕೊಟ್ಟರು.

"ಓದವಾ ತಂಗಿ. ಚಾಳೀಸ ಮನ್ಯಾಗ ಬಿಟ್ಟ ಬಂದೇನಿ."

ಚಾಳೀಸು ಅವರ ಮೂಗಿನ ಮೇಲೇ ಇತ್ತು.

ನಾನು ಓದಲಿಲ್ಲ. ಹೊರಗೆ ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ಅವರೇ ಹೇಳಿದರು.

"ಸಕ್ರಿ ಬ್ಯಾನಿ ತಂಗಿ. ಬಲಗಣ್ಣ ಹೋಗಿ ಮೂರ ವರ್ಷ ಆತು. ಎಡಗಣ್ಣಿನ್ಯಾಗ ನಡುವ ಕರ್ರಗ, ಸುತ್ತಲೂ ಒಂದೀಟ ಕಾಣತೈತಿ. ದೊಡ್ಡೂ ಇದ್ರ ಓದತೇನಿ."

"ಯಾರಿಗೂ ಹೇಳಿಲ್ಲೇನ್ರಿ ಸರ್?"

"ಮನ್ಯಾಗ ಗೊತ್ತೈತಿ. ಇಲ್ಲಿ ಹೇಳಿದ್ರ ಮನಿಗೆ ಕಳಸತಾರ. ಮನ್ಯಾಗ ಕುಂತ ನಾ ಏನ ಮಾಡ್ಲಿ? ಆ ಬೋರ್ಡ್ ಬಂತಂತ ನಾ ಉಳದೇನಿ. ಯಾರಿಗೂ ಹೇಳಬ್ಯಾಡ."

ಹೇಳುವುದಿಲ್ಲ ಎಂದೆ. ಆಮೇಲೆ ಚೀಟಿ ಓದಿದೆ. ಅದರಲ್ಲಿದ್ದದ್ದು ಬಿಸಿಯೂಟದ ತಟ್ಟೆಗಳ ಲೆಕ್ಕ.

ಅದಾದ ಮೇಲೆ ನಾನು ಅವರ ಸಣ್ಣಪುಟ್ಟ ಕೆಲಸ ಮಾಡತೊಡಗಿದೆ. ಹಾಜರಿ ಪುಸ್ತಕ ತುಂಬುವುದು, ಸುತ್ತೋಲೆ ಓದಿ ಹೇಳುವುದು. ಅವರ ಮೊಬೈಲಿನಲ್ಲಿ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆ ಇದೆಯೆಂದು ತೋರಿಸಿಕೊಟ್ಟೆ. ಮೂರು ದಿನದಲ್ಲಿ ಅದನ್ನೂ ಕಲಿತರು. ಗುಟ್ಟು ಎನ್ನುವುದು ದಿನ ಕಳೆದಂತೆ ಹಗುರಾಗಿಬಿಡುತ್ತದೆ. ನಾಲ್ಕೈದು ತಿಂಗಳಲ್ಲಿ ಅವರಿಗೆ ಕಣ್ಣು ಕಾಣುವುದಿಲ್ಲ ಎಂಬುದು ನನಗೆ ಮರೆತೇಹೋಗಿತ್ತು. ಮರೆತಿತ್ತು ಎಂದು ಈಗ ಹೇಳುತ್ತೇನೆ. ಅದು ನಿಜವೋ ಅಲ್ಲವೋ ನನಗೂ ಖಚಿತವಿಲ್ಲ.

ಶಾಲೆಯ ಮುಂದೆ ರಸ್ತೆ ದೊಡ್ಡದು ಮಾಡುವ ಕೆಲಸ ನಡೆದಿತ್ತು. ಎರಡೂ ಬದಿಗೆ ನೀಲಿ ತಗಡು ನಿಲ್ಲಿಸಿದ್ದರು. ಆಚೆ ಬದಿಯ ಕೂಲಿಕಾರರ ಶೆಡ್ಡುಗಳಿಂದ ಬರುವ ಹದಿನೆಂಟು ಇಪ್ಪತ್ತು ಮಕ್ಕಳನ್ನು ಶಾಲೆ ಬಿಟ್ಟಾಗ ಒಬ್ಬ ಶಿಕ್ಷಕರು ಕೆಂಪು ಬಾವುಟ ಹಿಡಿದು ದಾಟಿಸಬೇಕು. ಅದಕ್ಕೆ ಪಾಳಿ ಇತ್ತು. ಪಾಳಿಯ ಪಟ್ಟಿ ಸ್ಟಾಫ್ ರೂಮಿನ ಗೋಡೆಗಿತ್ತು. ಸರ್ ಅವರ ಪಾಳಿ ಬಂದಾಗಲೆಲ್ಲ ಏನೋ ಒಂದು ನೆಪ ಹೇಳಿ ನಾನೇ ಹೋಗುತ್ತಿದ್ದೆ.

ಆ ಶನಿವಾರದ ಪಾಳಿ ನನ್ನದೇ. ಊರಲ್ಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥವಿತ್ತು. ಹನ್ನೆರಡರ ಬಸ್ಸು ಸಿಕ್ಕಿದರೆ ಒಳ್ಳೆಯದಿತ್ತು. ಮುಂದಿನ ಬಸ್ಸು ನಲವತ್ತು ನಿಮಿಷಕ್ಕೆ ಇತ್ತು. ಉಳಿದ ಟೀಚರುಗಳು ಹೆಡ್ ಬಾಯಿಯ ಕೋಣೆಯಲ್ಲಿ ಮೀಟಿಂಗಿನಲ್ಲಿದ್ದರು. ವರಾಂಡದಲ್ಲಿ ಸರ್ ಸಿಕ್ಕರು. "ಸರ್, ಇವತ್ತೊಂದಿನ ಹುಡುಗರನ್ನ ದಾಟಸ್ತೀರೇನ್ರಿ? ನನಗ ಬಸ್ಸೈತ್ರಿ" ಎಂದೆ.

ಅವರು ಒಂದು ಗಳಿಗೆ ನಿಂತರು. ಹತ್ತಿರದಲ್ಲಿ ಮಕ್ಕಳಿದ್ದರು.

"ಹೋಗ್ರಿ ಅಕ್ಕಾರ. ನಾ ನೋಡ್ಕೋತೇನಿ" ಎಂದರು.

ಬಸ್ಸು ಸಾಖಳಿ ದಾಟುವಾಗ ನನ್ನ ಕೋಣೆಯ ಟೀಚರ್ ಫೋನ್ ಮಾಡಿದಳು. ತಗಡಿನ ಸಂದಿಯಿಂದ ಒಂದು ಸ್ಕೂಟರು ಉಲ್ಟಾ ದಿಕ್ಕಿನಲ್ಲಿ ನುಗ್ಗಿ ಬಂದಿತ್ತು. ಸರ್ ರಸ್ತೆಯ ನಡುವೆ ಬಾವುಟ ಎತ್ತಿ, ಸ್ಕೂಟರು ಬಂದ ಕಡೆಗೇ ಮುಖ ಮಾಡಿ ನಿಂತಿದ್ದರಂತೆ. ಕೂಗಲಿಲ್ಲ, ಮಕ್ಕಳನ್ನು ಹಿಂದಕ್ಕೆ ಎಳೆಯಲೂ ಇಲ್ಲ. ಸಾಲಿನ ಕೊನೆಯಲ್ಲಿದ್ದ ರೇಣುಕಾಳ ಕಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಸ್ಕೂಟರಿನವನನ್ನು ಜನ ಹಿಡಿದು ಪೊಲೀಸರಿಗೆ ಕೊಟ್ಟಿದ್ದರು.

ನಾನು ಬಸ್ಸಿಳಿಯಲಿಲ್ಲ. ಕೈಯಲ್ಲಿ ಶೇಂಗಾದ ಪೊಟ್ಟಣ ಇತ್ತು. ಅದನ್ನು ವಾಳಪೈ ಬರುವವರೆಗೆ ತಿಂದು ಮುಗಿಸಿದೆ. ಭಾನುವಾರ ನಿಶ್ಚಿತಾರ್ಥದಲ್ಲಿ ಹೆಂಗಸರಿಗೆ ಊಟ ಬಡಿಸಿದೆ.

ಸೋಮವಾರ ಶಾಲೆಗೆ ಹೋದಾಗ ಪಣಜಿಯಿಂದ ಒಬ್ಬ ಅಧಿಕಾರಿ ಬಂದಿದ್ದರು. ಸ್ಟಾಫ್ ರೂಮಿನಲ್ಲಿ ವಿಚಾರಣೆ. ಒಳಗೆ ಕಾಲಿಡುತ್ತಲೇ ಗೋಡೆಯ ಮೇಲಿನ ಪಾಳಿಯ ಪಟ್ಟಿ ಕಣ್ಣಿಗೆ ಬಿತ್ತು. ಶನಿವಾರದ ಎದುರು ನನ್ನ ಹೆಸರನ್ನು ಹೊಡೆದುಹಾಕಿ, ಅದರ ಮೇಲೆ ಬೇರೆ ಹೆಸರು ಬರೆದಿತ್ತು. ಅಕ್ಷರಗಳು ಗೆರೆ ಬಿಟ್ಟು, ಶುಕ್ರವಾರದ ಮೇಲೂ ಹತ್ತಿ, ಸೊಟ್ಟಗೆ, ದಪ್ಪಗೆ ಹರಡಿದ್ದವು. ಸರ್ ಅವರದೇ ಹೆಸರು, ಅವರದೇ ಕೈಬರಹ. ಯಾರೂ ಬರುವ ಮೊದಲೇ ಬಂದು ಬರೆದಿರಬೇಕು.

ಸರ್ ತಮ್ಮ ಹೇಳಿಕೆ ಕೊಟ್ಟು ಹೊರಗೆ ಹೋಗಿದ್ದರು. "ಪಾಳಿ ನಂದ. ನಾ ನೋಡಲಿಲ್ಲ. ತಪ್ಪ ನಂದ" ಎಂದಷ್ಟೇ ಹೇಳಿದ್ದರಂತೆ. ಅಧಿಕಾರಿಗೆ ಅದು ಬಗೆಹರಿದಿರಲಿಲ್ಲ. ಇಷ್ಟು ವರ್ಷದ ಅನುಭವ ಇರುವವರು, ಸ್ಕೂಟರಿನ ಕಡೆಗೇ ನೋಡುತ್ತ ನಿಂತವರು, ನೋಡಲಿಲ್ಲ ಎಂದರೆ ಹೇಗೆ? ಹೆಡ್ ಬಾಯಿ ನನ್ನ ಕಡೆ ತಿರುಗಿದರು.

"ನೀವು ಅವರ ಜೋಡಿ ಭಾಳ ಇರತೀರಿ. ನಿಮಗೇನರ ಗೊತ್ತೈತೇನ್ರಿ?"

"ಅವರಿಗೆ ಕಣ್ಣು ಕಾಣೂದಿಲ್ರಿ" ಎಂದೆ.

ಆ ಮಾತಿಗೆ ಆಮೇಲೆ ಎಷ್ಟೋ ಕಾರಣ ಹುಡುಕಿಕೊಂಡಿದ್ದೇನೆ. ಮಕ್ಕಳ ಪ್ರಾಣದ ಪ್ರಶ್ನೆ, ಎಂದಾದರೂ ಹೇಳಲೇಬೇಕಿತ್ತು, ಮುಚ್ಚಿಟ್ಟದ್ದೇ ತಪ್ಪು. ಯಾವುದೂ ಸುಳ್ಳಲ್ಲ. ಆದರೆ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಅವು ಯಾವುವೂ ಇರಲಿಲ್ಲ. ಅವರಿಬ್ಬರೂ ಗೋಡೆಯ ಪಟ್ಟಿಯ ಕಡೆ ತಿರುಗಬಾರದು ಎಂಬುದೊಂದೇ ಇತ್ತು. ಅವರು ತಿರುಗಲಿಲ್ಲ. ಪಾಳಿ ನನ್ನದಾಗಿತ್ತು ಎಂದು ನಾನು ಹೇಳಲಿಲ್ಲ.

ಸರ್ ಅವರನ್ನು ಯಾರೂ ತೆಗೆಯಲಿಲ್ಲ. ವೈದ್ಯರ ಸರ್ಟಿಫಿಕೇಟು ತನ್ನಿ ಎಂದರು. ಅವರು ಅದನ್ನು ತಂದು, ಜೊತೆಗೆ ತಾವೇ ರಾಜೀನಾಮೆ ಕೊಟ್ಟರು. ಬೀಳ್ಕೊಡುಗೆಯ ದಿನ ಶಾಲು, ಹಣ್ಣು, ಹಾರ ಎಲ್ಲ ಇತ್ತು. ಮಾತಾಡಿ ಎಂದಾಗ ಎದ್ದುನಿಂತು, "ಬೋರ್ಡ್ ಮ್ಯಾಲೆ ಮತ್ತ ಬಟ್ಟಿ ಹಾಕಬ್ಯಾಡ್ರಿ" ಎಂದು ಹೇಳಿ ಕುಳಿತರು. ಹಾಕಲಿಲ್ಲ. ನಾನೇ ಈಗಲೂ ಅದನ್ನು ಬಳಸುತ್ತೇನೆ. ಮುಂದಿನ ವರ್ಷ ನನ್ನ ಕೆಲಸ ಕಾಯಂ ಆಯಿತು. ಎರಡು ವರ್ಷದ ಮೇಲೆ ಪಣಜಿಯ ಒಂದು ತರಬೇತಿಯಲ್ಲಿ, ಕೆಲಸದಲ್ಲಿರುವಾಗ ಕಣ್ಣು ಹೋದವರನ್ನು ಮನೆಗೆ ಕಳಿಸುವಂತಿಲ್ಲ, ಮಾಡಬಲ್ಲ ಬೇರೆ ಕೆಲಸ ಕೊಡಬೇಕು ಎಂದು ಕಾನೂನೇ ಇದೆ ಎಂಬುದನ್ನು ಒಬ್ಬರು ಹೇಳಿದರು. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಅವರು ಬಿಟ್ಟುಹೋದ ಮೇಲೆ ಒಂದೇ ಸಲ ಅವರ ಮನೆಗೆ ಹೋಗಿದ್ದೆ. ಎಲ್ಲ ಹೇಳಿಬಿಡಬೇಕೆಂದೇ ಹೋಗಿದ್ದೆ. ಬಾಗಿಲಲ್ಲಿ ನಿಂತು 'ನಾನು' ಎನ್ನುವಷ್ಟರಲ್ಲಿ, ಅವರು ಧ್ವನಿ ಗುರುತಿಸಿ, "ಬಾ ತಂಗಿ, ಚಲೋ ವ್ಯಾಳ್ಯಾಕ್ಕ ಬಂದಿ. ಈ ಫೋನು ಭಾಳ ಜೋರ ಓದತೈತಿ. ಒಂದೀಟ ಸಾವಕಾಶ ಮಾಡಿಕೊಡು" ಎಂದರು. ಮಾಡಿಕೊಟ್ಟೆ. ಆಗ ಅದರಲ್ಲಿ ರೇಣುಕಾಳ ವಿಡಿಯೊ ಕರೆ ಬಂತು. ಅವಳು ಪ್ಲಾಸ್ಟರಿನಲ್ಲಿ ಮಲಗಿದ್ದ ಮೂರೂ ತಿಂಗಳು ಸರ್ ದಿನಾ ಸಂಜೆ ಅವಳಿಗೆ ಪಾಠ ಹೇಳುತ್ತಿದ್ದರು. ಅವಳು ಬರೆದದ್ದು ಅವರಿಗೆ ಕಾಣುತ್ತಿರಲಿಲ್ಲ. ಅವಳು ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದಳು, ಅವರು ಕೇಳಿ ತಿದ್ದುತ್ತಿದ್ದರು. ನಾನು ಕರೆ ಮುಗಿಯುವವರೆಗೆ ಕುಳಿತಿದ್ದು, ಹೇಳದೆ ಎದ್ದು ಬಂದೆ. ರೇಣುಕಾ ಆ ವರ್ಷ ಪಾಸಾದಳು.

ಸರ್ ತೀರಿಕೊಂಡ ಸುದ್ದಿ ಬಂದ ಆ ಮಂಗಳವಾರದ ನಂತರದ ಭಾನುವಾರ ಅವರ ಮನೆಗೆ ಮಾತಾಡಿಸಲು ಹೋದೆ. ಅವರ ಹೆಂಡತಿ ಒಬ್ಬರೇ ಇದ್ದರು. ನನ್ನನ್ನು ಕೂಡಿಸಿ, ಚಹಾ ಮಾಡಿ ತಂದರು. ಕೊನೆಯ ದಿನಗಳ ಬಗ್ಗೆ ಹೇಳಿದರು, ಕಿಡ್ನಿ, ಆಸ್ಪತ್ರೆ. ನಾನು ಹೂಂ ಎನ್ನುತ್ತಿದ್ದೆ. ಒಂದು ಹಂತದಲ್ಲಿ ಅವರು ಅದೇ ಧ್ವನಿಯಲ್ಲಿ ಹೇಳಿದರು.

"ಆ ದಿನ ಪಾಳಿ ನಿಮ್ಮದಿತ್ತಂತಲ್ರಿ."

ನಾನು ಕಪ್ಪನ್ನು ಕೆಳಗಿಟ್ಟೆ.

"ನನಗ ಹೇಳಿದ್ರು. ಆ ಹುಡುಗಿದು ಟೆಂಪರವರಿ ಕೆಲಸ, ಹೆಸರು ಬಂದ್ರ ಅವತ್ತ ತಗೀತಾರ, ನಂದು ಹೆಂಗೂ ಮುಗಿಯೂದ ಐತಿ ಅಂದ್ರು. ಕಣ್ಣಿನ ಸುದ್ದಿ ನೀವ ಹೇಳಿದ್ರಿ ಅಂತನೂ ಗೊತ್ತಿತ್ತು ಅವರಿಗೆ."

"ಏನಂದ್ರು ಅವರು?"

"ಏನೂ ಅನ್ನಲಿಲ್ಲ. ಎರಡ ದಿನ ಉಣ್ಣಲಿಲ್ಲ." ನನ್ನ ಕಪ್ಪಿನ ಕಡೆ ನೋಡಿದರು. "ಚಾ ಆರಾಕತ್ತೈತಿ. ಕುಡೀರಿ."

ಕುಡಿದೆ.

ಮರುದಿನ ರಜೆ ಹಾಕಿ ರೇಣುಕಾಳ ತಾಯಿಯನ್ನು ಹುಡುಕಿಕೊಂಡು ಹೋದೆ. ಅವರು ಪರ್ವರಿಯಲ್ಲೇ ಇನ್ನೊಂದು ಕಟ್ಟಡದಲ್ಲಿದ್ದರು. ಊಟದ ಬಿಡುವು. ಪಕ್ಕದ ತಮ್ಮ ಶೆಡ್ಡಿನ ಮುಂದೆ ನೆರಳಿನಲ್ಲಿ ಕುಳಿತಿದ್ದರು. ಎಲ್ಲ ಹೇಳಿದೆ: ಪಾಳಿ, ಬಸ್ಸು, ಸರ್ ಅವರ ಕಣ್ಣಿನ ಸಂಗತಿ ನನಗೆ ಗೊತ್ತಿದ್ದದ್ದು, ಗೊತ್ತಿದ್ದೂ ಕಳಿಸಿದ್ದು. ಅವರು ಉಣ್ಣುವುದನ್ನು ನಿಲ್ಲಿಸದೆ ಕೇಳಿದರು. ಡಬ್ಬಿ ಖಾಲಿಯಾದ ಮೇಲೆ ಅದರೊಳಗೆ ನೀರು ಹಾಕಿ ತೊಳೆದು, ಮುಚ್ಚಳ ಹಾಕಿದರು.

"ನಾವು ಆ ಸರ್‌ಗೆ ಎಷ್ಟ ಬೈದೇವಿ, ಗೊತ್ತೈತೇನ್ರಿ ನಿಮಗ?" ಎಂದರು. "ಪಾಠ ಹೇಳ್ತೇನಂತ ಫೋನ್ ಮಾಡಿದ್ರಲ್ಲ, ಮೊದಲನೇ ಸಲ ನನ್ನ ಗಂಡ ಬಾಯಿಗೆ ಬಂದಂಗ ಅಂದ. ಅವರು ಕೇಳಿಸ್ಕೊಂಡ್ರು. ಮರುದಿನ ಮತ್ತ ಫೋನ್ ಮಾಡಿದ್ರು."

ಡಬ್ಬಿಯನ್ನು ಪಕ್ಕಕ್ಕಿಟ್ಟರು.

"ರೇಣುಕಾಗ ನಾ ಹೇಳೂದಿಲ್ರಿ. ಕಾಲು ಅಕೀದು. ನೀವ ಹೇಳ್ರಿ. ನಾಕೂವರಿಗೆ ಸಾಲಿಯಿಂದ ಬರತಾಳ."

ಕೂಲಿಗಳನ್ನು ಕೆಲಸಕ್ಕೆ ಕರೆದು ಮುಕಾದಮ ಸೀಟಿ ಊದಿದ. ಅವರು ಎದ್ದು ಕೆಲಸಕ್ಕೆ ಹೋದರು. ಆಗ ಒಂದೂವರೆ ಗಂಟೆ. ನಾನು ಅವರು ಎದ್ದ ಜಾಗದಲ್ಲೇ ಕುಳಿತೆ. ನೆರಳು ಸರಿದಂತೆಲ್ಲ ನಾನೂ ಸರಿದು ಕುಳಿತೆ. ನಾಲ್ಕೂವರೆ ದಾಟಿದ ಮೇಲೆ ರಸ್ತೆಯ ತಿರುವಿನಲ್ಲಿ, ಬೇರೆ ಹುಡುಗಿಯರಿಂದ ನಾಲ್ಕು ಹೆಜ್ಜೆ ಹಿಂದೆ, ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತ ಅವಳು ಬಂದಳು. ನನ್ನನ್ನು ನೋಡಿ, "ಅಕ್ಕಾರ, ನೀವ್ಯಾಕ ಬಂದೀರಿ?" ಎಂದಳು.

ನಾನು ಎದ್ದು ನಿಂತೆ.